ಎಂಬತ್ತನಾಲ್ಕು ಪರ್ಸೆಂಟು

ಈಗಲ್‌ಹಾಕಿನ ಡೋರೀನ್ ಪಾಸ್ಕೋ
ನೋಟುಬುಕ್ಕಿನ ಹಾಳೆಗೆ ಮೂರು ಗೀಟು ಎಳೆದಿದ್ದಾರೆ:
ರಾತ್ರಿ ಬಿದ್ದ ಮಳೆ, ಹಿತ್ತಲ ಟ್ಯಾಂಕಿನ ನೀರು,
ತಮ್ಮ ಬೀಪಿ,
ಕೊನೆಗೆ, ಇತ್ತೀಚೆಗೆ, ಕಂಪ್ಯೂಟರಿನ ಮೆಮೊರಿ.
ಮಂಗಳವಾರ ಮಳೆ ಸೊನ್ನೆ, ಟ್ಯಾಂಕು ಅರ್ಧ,
ನೂರ ಮೂವತ್ತೆಂಟು, ಎಂಬತ್ತನಾಲ್ಕು.
ಎಂಬತ್ತನಾಲ್ಕರ ಸುತ್ತ ಕೆಂಪು ಶಾಯಿ.

ಬೇಲಿಯಾಚೆಯಿಂದ ಕರೆದರು: "ಆಂಬರ್, ಬಾ."
ಅಂಬುಜಾಕ್ಷಿ ಅವರ ನಾಲಿಗೆಯ ಮೇಲೆ ಅಷ್ಟು ದೂರ ನಡೆಯಲಾರದೆ
ಆಂಬರ್ ಆಗಿ ಒಂಬತ್ತು ವರ್ಷ.
ಡಿಪೋದಿಂದ ಆಗಷ್ಟೇ ಬಂದಿದ್ದೆ, ಯೂನಿಫಾರ್ಮಿನಲ್ಲೇ ಹೋದೆ.
ಅವರಿಗೆ ಮೆಷೀನು ಅಂದರೆ ಮೆಷೀನು,
ಬಸ್ಸು ಬಲ್ಲವಳು ಇದನ್ನೂ ಬಲ್ಲಳು.

"ನೋಡು, ನಾನೊಬ್ಬಳು. ಎರಡು ಪತ್ರ, ಒಂದು ಕರೆಂಟ್ ಬಿಲ್ಲು.
ಒಳಗೆ ಅಷ್ಟೊಂದು ಜನ ಯಾರು ಕೂತಿದ್ದಾರೆ?"

ಯಾರೂ ಇಲ್ಲ ಅಂದೆ.
ತುಂಬಿದ ಕೊಡ ತುಳುಕುವುದಿಲ್ಲ, ನಮ್ಮ ಕಡೆಯ ಮಾತು ಅಂದೆ.
ಇಂಗ್ಲಿಷಿಗೆ ಹಾಕಿದ್ದೇ ಅದು
ಬರೀ ಪಾತ್ರೆಪಗಡದ ಸಂಗತಿಯಾಯಿತು.
ನಿಮ್ಮ ಟ್ಯಾಂಕು ತುಂಬಿದ ದಿನ ಕೇಕು ಮಾಡುತ್ತೀರಿ,
ಇದು ತುಂಬಿದರೆ ಕೆಂಪು ಶಾಯಿ ಯಾಕೆ?

ಕನ್ನಡಕ ಹಣೆಗೇರಿಸಿದರು.
"ಟ್ಯಾಂಕು ಬೇಸಿಗೆಗೆಂದು ಕೂಡಿಡುತ್ತದೆ.
ಇದು ಯಾವ ಬೇಸಿಗೆಗೆ?"

ಸಿಕ್ಕಿಬಿದ್ದೆ.
ಹೊರಗೆ ತಗಡಿನ ಮೇಲೆ ಮ್ಯಾಗ್‌ಪೈ ಒಂದು
ಆಚೆಗೂ ಈಚೆಗೂ ನಡೆಯುತ್ತಿತ್ತು, ಉತ್ತರ ತಾನೇ ಹೇಳುವ ಹಾಗೆ.

ಆಮೇಲೆ ಒಲೆ ನೆನಪಾಯಿತು.
ಸಾಸಿವೆ ಡಬ್ಬಿ. (ಸಾಸಿವೆ ಅಂದರೆ ಅವರಿಗೆ
ಹ್ಯಾಮಿಗೆ ಹಚ್ಚುವ ಹಳದಿ. ಇರಲಿ.)
ಮೂಟೆ ಅಟ್ಟದ ಮೇಲೆ, ಒಂದು ಹಿಡಿ ಕೆಳಗೆ, ಒಲೆಯ ಮಗ್ಗುಲಲ್ಲಿ.
ನೀವು ನಿನ್ನೆ ಕೇಳಿದ್ದನ್ನು, ಮೊನ್ನೆ ತೆರೆದದ್ದನ್ನು
ಇನ್ನೊಮ್ಮೆ ಕೇಳಿಯಾರು ಅಂತ
ಇದು ಕೈಗೆಟುಕುವಲ್ಲೇ ಇಟ್ಟುಕೊಂಡಿದೆ.
ಜಾಗ ಬೇಕೆಂದರೆ ಬಿಟ್ಟುಕೊಡುತ್ತದೆ, ಮುನಿಸಿಲ್ಲ.
ಖಾಲಿ ಬಿಟ್ಟ ಕಟ್ಟೆಗೆ ಯಾರೂ ಬಡ್ಡಿ ಕೊಡುವುದಿಲ್ಲ.

ಚಿಂತೆ ಯಾವಾಗ ಅಂದರೆ,
ಎಣ್ಣೆ ಕಾದು ಹೊಗೆಯೆದ್ದಿದೆ,
ಸಾಸಿವೆಗೆ ಏಣಿ ಹತ್ತಬೇಕು,
ಇಳಿದು, ಕರಿಬೇವಿಗೆ ಮತ್ತೆ ಹತ್ತಬೇಕು,
ಇಂಗಿಗೆ ಮತ್ತೆ:
ಆಗ.
ಒತ್ತಿದ ಅಕ್ಷರ ಏದುಸಿರು ಬಿಡುತ್ತ ಬಂದಾಗ,
ಡಿಸ್ಕಿನ ದೀಪ ಕಣ್ಣು ಮುಚ್ಚದೆ ಹೊಡೆದುಕೊಂಡಾಗ.
ನಿಮ್ಮದು ಏಣಿ ಹತ್ತುತ್ತಿದೆಯೇ?

ಕರೆಂಟ್ ಕಂಪನಿಗೆ ಒಂದು ಖಾರದ ಸಾಲು ಟೈಪು ಮಾಡಿ ನೋಡಿದರು.
ಅಕ್ಷರಗಳು ಬೆರಳಿನ ಬೆನ್ನಿಗೇ ಬಂದವು.
"ಇಲ್ಲ," ಅಂದರು, ಕೊಂಚ ನಿರಾಸೆಯಲ್ಲಿ.

ಆದರೂ ಪಟ್ಟಿ ತೆರೆದೆವು, ಹೆಚ್ಚು ತಿನ್ನುವುದು ಮೇಲೆ ಬರುವ ಹಾಗೆ.
ಮೊದಲಿಗೇ ಒಂದು ಜಿಗ್‌ಸಾ, ಸಾವಿರ ತುಂಡಿನದು,
ಈಸ್ಟರಿನಿಂದ ತೆರೆದೇ ಇದೆ.
ಲೈಟ್‌ಹೌಸು ಮುಗಿದಿದೆ, ಬಂಡೆ ಮುಗಿದಿದೆ,
ಹಗ್ಗದ ಮೇಲೆ ಯಾರದೋ ಪಟ್ಟೆ ಅಂಗಿ.
ಮುಚ್ಚಲೇ? ಹದಿನೈದು ಪರ್ಸೆಂಟು ಇಳಿಯುತ್ತದೆ.
ನನ್ನ ಕೈಯಿಂದ ಮೌಸು ಕಸಿದುಕೊಂಡರು.
"ಆಕಾಶ ಬಾಕಿಯಿದೆ."

ಮುನ್ನೂರು ನೀಲಿ ತುಂಡು, ಒಂದರ ಹಾಗೇ ಇನ್ನೊಂದು.

ಮನೆಗೆ ಬಂದು ನನ್ನದನ್ನು ತೆರೆದೆ.
ಅಂಗಡಿಯವನ ಮಾತು ಕೇಳಿ ಮೂವತ್ತೆರಡು ಜೀಬಿ ಹಾಕಿಸಿದ್ದು,
ಎರಡು ವಾರದ ಓವರ್‌ಟೈಮು.
ಹದಿನೆಂಟು ಪರ್ಸೆಂಟು.
ಕೊನೆಯ ಟ್ರಿಪ್ಪಿನ ನನ್ನ ಬಸ್ಸು:
ಎಲ್ಲ ದೀಪವೂ ಉರಿಯುತ್ತಿದೆ,
ಹಿಂದಿನ ಸೀಟಿನಲ್ಲಿ ಒಬ್ಬ ನಿದ್ದೆ ಹೋಗಿದ್ದಾನೆ.
ಕೆಂಪು ಶಾಯಿ ಬೇಕಾದವಳು ನಾನೇ ಏನೋ.

ಶನಿವಾರ ಬೇಲಿಯ ಮೇಲಿಂದ ನೋಟುಬುಕ್ಕು ಚಾಚಿದರು.
ಮಳೆ ನಾಲ್ಕು ಮಿಲಿಮೀಟರು.
ಟ್ಯಾಂಕು ಅರ್ಧ, ಬೆರಳಗಲ ಹೆಚ್ಚು.
ಬೀಪಿ ಬರೆದಿಲ್ಲ.
ಮೆಮೊರಿ ಎಂಬತ್ತೊಂಬತ್ತು, ಮಾಮೂಲಿ ಪೆನ್ಸಿಲಿನಲ್ಲಿ.
ಪಕ್ಕದಲ್ಲಿ ನಾಲ್ಕನೆಯ ಗೀಟು, ಇನ್ನೂ ಸೊಟ್ಟ:
ಆಕಾಶ, ಹನ್ನೊಂದು ತುಂಡು.